ಕೆಳಗಿಟ್ಟರೂ ಕಟ್ಟಾಗದ ಫೋನು

ವಿಜಾಪುರದ ಆ ಓಣಿಗೆಲ್ಲ ಒಂದೇ ಫೋನು, ಸಂಗಮೇಶನ ಮನೆಯದು. ಬಿಲ್ಲು ಅವನದು, ಕರೆಗಳೆಲ್ಲ ಮಂದಿಯವು. ಯಾರಿಗಾದರೂ ಕರೆ ಬಂದರೆ ರಿಸೀವರನ್ನು ಮೇಜಿನ ಮೇಲಿಟ್ಟು ಅವರನ್ನು ಕರೆಯಲು ಓಡಬೇಕು. ಅಷ್ಟರಲ್ಲಿ ಅವನ ತಾಯಿ ತುಳಸಾಬಾಯಿ ಬಂದು, ತೆರೆದ ಡಬ್ಬಿಗೆ ಮುಚ್ಚಳ ಹಾಕುವ ಹಾಗೆ, ಅದನ್ನು ಫೋನಿನ ಮೇಲಿಟ್ಟುಬಿಡುತ್ತಿದ್ದಳು. ಕರೆ ಅಲ್ಲಿಗೆ ಕಟ್ಟು.

ಹೋದ ತಿಂಗಳು ಎದುರುಮನೆಯ ತಾಯವ್ವನಿಗೆ ಪರವೂರಿಂದ ಬಂದ ಟ್ರಂಕ್ ಕಾಲ್ ಹೀಗೇ ಹೋಯಿತು. ಅವಳ ಮಗಳು ನೀಲವ್ವ ಬಸುರಿ, ಮೀರಜದ ದವಾಖಾನೆ ಸೇರಿದ್ದಳು. ಮತ್ತೆ ಕರೆ ಸಿಗುವವರೆಗೆ ತಾಯವ್ವ ನೀರೂ ಕುಡಿಯದೆ ಫೋನಿನ ಪಕ್ಕದಲ್ಲೇ ಕೂತಿದ್ದಳು. ಸಂಗಮೇಶ ಎಲ್ಲರೆದುರೇ ತಾಯಿಯ ಮೇಲೆ ಹರಿಹಾಯ್ದ.

"ಮಂದಿ ಬರೂತನಾ ಇದು ಮೇಜಿನ ಮ್ಯಾಲ ಇರಬೇಕು. ನಿನಗೆಷ್ಟ ಸಲ ಹೇಳಬೇಕಬೇ?"

ಆಕೆ ಅಂದು ಉಣ್ಣಲಿಲ್ಲ.

ಅವ್ವನನ್ನು ನಂಬಿ ಕೂತರೆ ಆಗದೆಂದು ಅವನು ರಸೂಲಸಾಬನ ರೇಡಿಯೋ ಅಂಗಡಿಯಿಂದ ರೆಸಿಸ್ಟರ್, ಸ್ವಿಚ್ಚು, ಜೋಳದ ಕಾಳಿನಷ್ಟು ಕೆಂಪು ದೀಪ ತಂದು ಫೋನಿನ ತಂತಿಗೆ ಬೆಸೆದ. ಸ್ವಿಚ್ಚು ಒತ್ತಿದರೆ ದೀಪ ಉರಿಯುತ್ತದೆ. ಅದು ಉರಿಯುವ ತನಕ ರಿಸೀವರನ್ನು ಫೋನಿನ ಮೇಲೆ ಕೆಳಗಿಟ್ಟರೂ ಕರೆ ಕಟ್ಟಾಗದು. ಟೆಲಿಫೋನ್ ಇಲಾಖೆಯವರು ಕಂಡರೆ ಫೋನನ್ನೇ ಕಿತ್ತುಕೊಂಡು ಹೋಗುತ್ತಾರೆಂಬ ಪುಕುಪುಕು ಬೇರೆ. ತಾಯಿಗೆ ಮಾತ್ರ ಏನೂ ಹೇಳಲಿಲ್ಲ. ಆಕೆಗೇನು ತಿಳಿದೀತು, ಜಾಣ ಇವನೊಬ್ಬನೇ!

ಬುಧವಾರ ಮಧ್ಯಾಹ್ನ ಮೀರಜದಿಂದ ತಾಯವ್ವನ ಅಳಿಯ ಗುರಣ್ಣ ಅಳುದನಿಯಲ್ಲಿ ಮಾತಾಡಿದ.

"ನಮ್ಮತ್ತಿನ್ನ ಜಲ್ದಿ ಕರೀರಿ. ನೀಲವ್ವಗ ಎಚ್ಚರಿಲ್ರಿ, ಆಪರೇಶನ್ ಮಾಡಾಕತ್ತಾರ. ಸಣ್ಣಾಕಿದ್ದಾಗ ಯಾವ್ದೋ ಇಂಜೆಕ್ಷನ್ ಒಗ್ಗದ ಸಾಯೂ ಹಂಗ ಆಗಿತ್ತಂತ. ಅದು ಯಾವ್ದಂತ ಡಾಕ್ಟರ್ ಕೇಳಾಕತ್ತಾರ್ರಿ!"

ಸಂಗಮೇಶ ಸ್ವಿಚ್ಚು ಒತ್ತಿ, ರಿಸೀವರನ್ನು ಫೋನಿನ ಮೇಲಿಟ್ಟು ಓಡಿದ. ತಾಯವ್ವ ಮನೆಯಲ್ಲಿರಲಿಲ್ಲ, ಬಾವಡಿಯ ಮೆಟ್ಟಿಲಿಗೆ ಬಟ್ಟೆ ಒಗೆಯಲು ಹೋಗಿದ್ದಳು. ವಿಷಯ ಹೇಳುತ್ತ ಅಲ್ಲಿಂದ ಅವಳನ್ನು ಕರೆತರುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ಬಾಗಿಲಿಂದಲೇ ನೋಡಿದ. ದೀಪ ಆರಿತ್ತು.

"ಅವ್ವಾ, ಏನ ಮಾಡೀಬೇ?"

"ಹಗಲ ಹೊತ್ತಿನ್ಯಾಗ ದೀಪ ಯಾಕಂತ ಆರ್ಸೀನಿ," ಎಂದಳು ತುಳಸಾಬಾಯಿ ಅಂಜುತ್ತ.

ನೀಲವ್ವನನ್ನು ತಾನೇ ಕೊಂದೆನೆಂದುಕೊಂಡ ಸಂಗಮೇಶ. ಆಗಲೇ ಸಣ್ಣಗೆ "ಹಲೋ, ಹಲೋ" ಕೇಳಿಸಿತು. ರಿಸೀವರ್ ಮೇಜಿನ ಮೇಲಿತ್ತು!

ತಾಯವ್ವ ಒದ್ದೆ ಕೈಯಲ್ಲೇ ಅದನ್ನು ಎತ್ತಿಕೊಂಡು ಚೀರಿದಳು. "ಪೆನ್ಸಿಲಿನ್ನೋ ಯಪ್ಪಾ! ಪೆನ್ಸಿಲಿನ್ ಹಾಕಸಬ್ಯಾಡ!"

"ಇದನ್ನ ತಗದು ಮೇಜಿನ ಮ್ಯಾಲ ಯಾರಿಟ್ರು?" ಸಂಗಮೇಶ ತಾಯಿಯ ಕಡೆ ತಿರುಗಿ ಕೇಳಿದ.

"ನಾನ. ನೀ ಗಡಿಬಿಡ್ಯಾಗ ಮರತು ಫೋನಿನ ಮ್ಯಾಲಿಟ್ಟು ಓಡಿದ್ದಿ. ಮೊದಲ ಅದನ್ನ ತಗದಿಟ್ಟು, ಆಮ್ಯಾಲ ದೀಪ ಆರ್ಸಿದೆ. ಮಂದಿ ಬರೂತನಾ ಮೇಜಿನ ಮ್ಯಾಲ ಇರಬೇಕಂತ ನೀನ ಹೇಳಿದ್ದಿಲ್ಲೇನು?"

ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸಂಜೆ ಮತ್ತೆ ಗುರಣ್ಣನ ಕರೆ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಸಂಗಮೇಶ ರಿಸೀವರನ್ನು ಮೇಜಿನ ಮೇಲಿಟ್ಟ. ಸ್ವಿಚ್ಚು ಮುಟ್ಟಲಿಲ್ಲ.

"ತಾಯವ್ವನ್ನ ಕರಕೊಂಡ ಬರ್ತೇನಿ," ಎಂದ. "ಫೋನ್ ನೀ ನೋಡ್ಕೋ ಅವ್ವಾ."