ಏಳನೇ ನಂಬರಿನ ಮೋಟಾರು

ನನ್ನದು ಗುರುತು ಕೊಡುವ ಕೆಲಸ. ಮನುಷ್ಯರಿಗಲ್ಲ, ಯಂತ್ರಗಳಿಗೆ. 2009ರಲ್ಲಿ ಸಿದ್ಧಾರ್ಥನಗರದ ಒಂದು ಮನೆಯ ಮಹಡಿಯಲ್ಲಿದ್ದ ನಮ್ಮ ಪುಟ್ಟ ಕಂಪನಿ ಕಾರ್ಖಾನೆಗಳಿಗೆ ಸರ್ವರ್ ತಂತ್ರಾಂಶ ಬರೆದು ಕೊಡುತ್ತಿತ್ತು. ಯಾವ ಯಂತ್ರ ಎಷ್ಟು ಬಿಸಿಯಾಗಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದನ್ನು ತಂತಿಯ ಮೂಲಕ ತಿಳಿದುಕೊಂಡು, ಕೇಳಿದ ಕಂಪ್ಯೂಟರಿಗೆಲ್ಲ ಹೇಳುವುದು ಆ ಸರ್ವರಿನ ಕೆಲಸ. ಹಾಗೆ ಹೇಳಬೇಕಾದರೆ ಒಂದೊಂದು ವಸ್ತುವಿಗೂ ಒಂದು ಗುರುತು ಬೇಕು. ಆಗಷ್ಟೇ ಬಂದಿದ್ದ ಹೊಸ ಪದ್ಧತಿಯಲ್ಲಿ ಗುರುತು ಹೀಗೇ ಇರಬೇಕೆಂಬ ಹಟವಿರಲಿಲ್ಲ. ಬರೀ ಸಂಖ್ಯೆ ಕೊಡಬಹುದು, ಹೆಸರು ಕೊಡಬಹುದು, ಇನ್ನೊಂದಕ್ಕೆ ಎಂದೂ ಬಾರದಂಥ ಮಾರುದ್ದದ ಅಕ್ಷರಗಳ ಸಾಲನ್ನೂ ಕೊಡಬಹುದು. ಆಯ್ಕೆ ನಮ್ಮದು ಎಂದ ಮೇಲೆ ಯೋಚನೆ ಮಾಡಬೇಕಾದವರೂ ನಾವೇ. ಅಷ್ಟು ನನಗೆ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ವಯಸ್ಸು, ಬುದ್ಧಿವಂತ ಅಂತ ನಾಲ್ಕು ಜನ ಹೊಗಳಿದ್ದರು, ತಲೆ ನಿಂತಿರಲಿಲ್ಲ.

ಕಡಕೊಳದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೆಲಸ ನನ್ನ ಪಾಲಿಗೆ ಬಂತು. ಹನ್ನೆರಡು ಬಣ್ಣದ ತೊಟ್ಟಿಗಳು, ಒಂದೊಂದಕ್ಕೂ ಒಂದು ಪಂಪು, ಪಂಪನ್ನು ತಿರುಗಿಸಲು ಒಂದು ಮೋಟಾರು. ಮೋಟಾರಿನ ಮೈಮೇಲೆ ಒಂದರಿಂದ ಹನ್ನೆರಡರವರೆಗೆ ನಂಬರಿನ ತಗಡಿನ ಬಿಲ್ಲೆ. ನಾನು ಆ ನಂಬರನ್ನೇ ಗುರುತು ಮಾಡಿಕೊಂಡೆ. ಅದರ ಕೆಳಗೆ ಮೋಟಾರು ಕೊಂಡ ವರ್ಷ, ದಿನದಿನದ ಬಿಸಿ, ಎಚ್ಚರಿಕೆಗಳು, ಎಲ್ಲ ಸೇರಿ ಅದರ ಜಾತಕವೇ ಬೆಳೆಯುವಂತೆ ಮಾಡಿದೆ.

ಅಲ್ಲಿ ಮೆಕ್ಯಾನಿಕ್ ಆಗಿದ್ದವರು ದೇವರಾಜು. ಹದಿನೆಂಟು ವರ್ಷದಿಂದ ಆ ಮೋಟಾರುಗಳ ಜೊತೆಯೇ ಇದ್ದವರು. ನನ್ನ ಹಿಂದೆ ನಿಂತು ಪರದೆ ನೋಡುತ್ತಾ ಕೇಳಿದರು:

"ಸಾರ್, ಈ ನಂಬರು ಯಾರ್ದು ಅಂತ ಬರ್ಕಂಡ್ರಿ? ಜಾಗದ್ದಾ, ಮೋಟ್ರುದಾ?"

"ಬಿಲ್ಲೆ ಇರೋದು ಮೋಟಾರಿನ ಮೇಲಲ್ವಾ? ಮೋಟಾರಿಂದೇ" ಎಂದೆ.

ಅವರು ಇನ್ನೇನೋ ಹೇಳಲು ಹೊರಟರು. ನನಗೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು, ಕೈಗಡಿಯಾರ ನೋಡಿಕೊಂಡೆ. ಅವರು ಸ್ಪ್ಯಾನರ್ ಎತ್ತಿಕೊಂಡು ಹೊರಟರು.

ಸರ್ವರ್ ಚಾಲೂ ಆಯಿತು. ಮ್ಯಾನೇಜರ್ ಪ್ರಭುಸ್ವಾಮಿಯವರಿಗೆ ಎಷ್ಟು ಖುಷಿಯಾಯಿತೆಂದರೆ, ರಿಪೇರಿ ಕೆಲಸವನ್ನು ಬರೆದಿಡುತ್ತಿದ್ದ ಹಳೇ ರಿಜಿಸ್ಟರನ್ನೇ ನಿಲ್ಲಿಸಿಬಿಟ್ಟರು. ಎಲ್ಲಾ ಕಂಪ್ಯೂಟರಿನಲ್ಲಿ ಇರುತ್ತದಲ್ಲ ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ನವೆಂಬರಿನಲ್ಲಿ ಏಳನೇ ನಂಬರಿನ ಮೋಟಾರು ಸುಟ್ಟುಹೋಯಿತು. ತೊಟ್ಟಿಯಲ್ಲಿದ್ದ ಬಟ್ಟೆಯೆಲ್ಲ ಕಲೆ ಕಲೆಯಾಗಿ ಹಾಳಾಯಿತು. ಪ್ರಭುಸ್ವಾಮಿಯವರು ನನ್ನ ಸರ್ವರಿನಿಂದ ಏಳನೇ ನಂಬರಿನ ಜಾತಕವನ್ನು ಕಾಗದದ ಮೇಲೆ ತೆಗೆಸಿದರು. ಸೆಪ್ಟೆಂಬರಿನಲ್ಲೇ ಅದು ವಿಪರೀತ ಬಿಸಿಯಾಗಿತ್ತು, ಇಪ್ಪತ್ತೇಳು ಸಲ ಎಚ್ಚರಿಕೆ ಬಂದಿತ್ತು, ಪ್ರತಿಸಲವೂ ದೇವರಾಜು 'ನೋಡಿದೆ' ಎಂಬ ಗುಂಡಿ ಒತ್ತಿದ್ದರು. ಮುಂದೆ ಏನು ಮಾಡಿದರೆಂಬುದು ಕಾಗದದಲ್ಲಿ ಎಲ್ಲೂ ಇರಲಿಲ್ಲ. ದೇವರಾಜು ಅವರನ್ನು ಸಸ್ಪೆಂಡ್ ಮಾಡಿ, ಶನಿವಾರ ವಿಚಾರಣೆ ಎಂದರು. ಕೆಲಸ ಹೋದ ಹಾಗೇ ಎಂದು ಗೇಟಿನವರೆಗೂ ಸುದ್ದಿಯಾಗಿತ್ತು.

ನಮ್ಮ ಆಫೀಸಿನಲ್ಲಿ ಮಾತ್ರ ಹಬ್ಬ. "ಎರಡು ತಿಂಗಳು ಮುಂಚೆಯೇ ನಮ್ಮ ಸರ್ವರ್ ಹೇಳಿದೆ ಕಣಯ್ಯಾ ಮಹದೇವಪ್ರಸಾದ್! ಸುಟ್ಟ ಮೋಟಾರಿನ ಫೋಟೋ ತಗೊಂಡ್ಬಾ, ಬ್ರೋಷರಿಗೆ ಹಾಕೋಣ" ಎಂದರು ನಮ್ಮ ಯಜಮಾನರು. ನನಗೂ ಹೆಮ್ಮೆಯಾಯಿತು. ದೇವರಾಜು ನೆನಪಾಗಲಿಲ್ಲವೆಂದಲ್ಲ. ಎಚ್ಚರಿಕೆ ಕೊಟ್ಟರೂ ಕೇಳದಿದ್ದರೆ ನಾನೇನು ಮಾಡಲಿ ಎಂದುಕೊಂಡೆ.

ಗುರುವಾರ ಕ್ಯಾಮೆರಾ ಹಿಡಿದು ಅಶೋಕಪುರಂನಲ್ಲಿದ್ದ ಕಾಳಯ್ಯನವರ ರಿವೈಂಡಿಂಗ್ ಅಂಗಡಿಗೆ ಹೋದೆ. ಕಾರ್ಖಾನೆಯ ಸುಟ್ಟ ಮೋಟಾರುಗಳಿಗೆಲ್ಲ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದವರು ಅವರೇ. ಮೋಟಾರು ಹೊಟ್ಟೆ ತೆರೆದುಕೊಂಡು ನೆಲದ ಮೇಲೆ ಕೂತಿತ್ತು.

"ಇದು ಸೆಪ್ಟೆಂಬರಿಂದ್ಲೇ ಬಿಸಿಯಾಗ್ತಿತ್ತಂತೆ" ಎಂದೆ, ತಿಳಿದವನ ಹಾಗೆ.

"ಯಾರ್ ಹೇಳಿದ್ದು? ಬೇರಿಂಗು ಹಿಡ್ಕಂಡು ಒಂದೇ ಏಟ್ಗೆ ಸುಟ್ಟೋಗದೆ ಇದು. ಸೆಪ್ಟೆಂಬರಲ್ಲಿ ಆ ಜಾಗ್ದಲ್ಲಿ ಬಿಸಿಯಾಗ್ತಿದ್ದದ್ದು ಬೇರೆ ಮೋಟ್ರು ಕಣ್ರೀ. ಅದ್ನ ದೇವರಾಜು ಆಗ್ಲೇ ಬಿಚ್ಚಿ ನನ್ತವ ತಂದ್ರು. ಸುತ್ತಿ ಕೊಟ್ಟೂ ಆಯ್ತು."

"ಅದರ ಬಿಲ್ಲೆ?"

"ಬಿಲ್ಲೆ ಇಲ್ಲಿಗ್ಯಾಕ್ ಬತ್ತದೆ? ಹಳೇ ಮೋಟ್ರಿಂದ ಬಿಚ್ಚಿ, ಆ ಜಾಗಕ್ಕೆ ಬಂದ ಮೋಟ್ರುಗೆ ಹಾಕ್ತಾರೆ. ಮೊದ್ಲಿಂದ್ಲೂ ಅಂಗೇಯ."

ಬಿಲ್ಲೆ ಮೋಟಾರಿನದಲ್ಲ, ತೊಟ್ಟಿಯ ಪಕ್ಕದ ಜಾಗದ್ದು. ದೇವರಾಜು ಕೇಳಿದ್ದೂ ಇದನ್ನೇ. ಎರಡು ಬೇರೆ ಬೇರೆ ಮೋಟಾರುಗಳ ಬದುಕನ್ನು ನಾನು ಒಂದೇ ಗುರುತಿನ ಕೆಳಗೆ ಹೊಲಿದಿಟ್ಟಿದ್ದೆ. ಒಂದರ ಜ್ವರ ಇನ್ನೊಂದರ ಸಾವಿಗೆ ಕಾರಣವೆಂದು ಕಾಗದ ಸಾಕ್ಷಿ ಹೇಳುತ್ತಿತ್ತು. ದೇವರಾಜು ಮಾಡಬೇಕಾದ್ದನ್ನು ಮಾಡಿದ್ದರು, ಅದನ್ನು ಬರೆಯಲು ನಾನು ಜಾಗವನ್ನೇ ಇಟ್ಟಿರಲಿಲ್ಲ.

ಫೋಟೋ ತೆಗೆದುಕೊಂಡು ಸುಮ್ಮನೆ ಹೋಗಿಬಿಡೋಣ ಅನ್ನಿಸಿತು. ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಯಜಮಾನರ ಮುಖ ಕಣ್ಣಮುಂದೆ ಬಂತು. ಕಾಳಯ್ಯನವರು ಟೀ ತರಿಸಿಕೊಟ್ಟರು. ಕ್ಯಾಮೆರಾ ಚೀಲಕ್ಕೆ ಹಾಕಿ, ಸೆಪ್ಟೆಂಬರಿನ ಆ ಮೋಟಾರನ್ನು ಗುರುತು ಹಿಡಿಯುವುದು ಹೇಗೆಂದು ಕೇಳಿದೆ. ತಾವು ಸುತ್ತಿದ ಮೋಟಾರಿನ ಮುಚ್ಚಳದ ಒಳಗೆ ತಾರೀಕು ಬರೆದಿರುವುದಾಗಿ ಅವರು ಹೇಳಿದರು. ಮಾರನೆಯ ದಿನ ಕಾರ್ಖಾನೆಗೆ ಹೋಗಿ, ಒಂದೊಂದೇ ಮೋಟಾರು ನಿಲ್ಲಿಸಿ ಮುಚ್ಚಳ ತೆಗೆಸಿದೆ. ಸೆಪ್ಟೆಂಬರಿನ ತಾರೀಕು ಹೊತ್ತ ಮೋಟಾರು ಮೂರನೇ ನಂಬರಿನ ಬಿಲ್ಲೆ ಹಾಕಿಕೊಂಡು ತಣ್ಣಗೆ ಓಡುತ್ತಿತ್ತು.

ಶನಿವಾರ ವಿಚಾರಣೆಯಲ್ಲಿ ದೇವರಾಜು ಅವರ ಎದುರೇ ಎಲ್ಲವನ್ನೂ ಹೇಳಿದೆ. ತಪ್ಪು ನನ್ನ ಗುರುತಿನ ಪದ್ಧತಿಯದು, ಅವರದಲ್ಲ ಎಂದೆ. ಜಾಗಕ್ಕೆ ಒಂದು ಗುರುತು, ಮೋಟಾರಿಗೆ ಕಂಪನಿಯವರು ಕೆತ್ತಿದ ನಂಬರಿನಿಂದ ಇನ್ನೊಂದು ಗುರುತು, ಯಾವ ಮೋಟಾರು ಯಾವಾಗ ಎಲ್ಲಿತ್ತು ಎಂಬುದಕ್ಕೆ ಬೇರೆ ದಾಖಲೆ, ಹೀಗೆ ಸರಿಮಾಡಿ ಕೊಡುತ್ತೇನೆಂದೆ. ಪ್ರಭುಸ್ವಾಮಿಯವರು ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. "ಮತ್ತೆ ಇವ್ರೇ ಬರ್ಕೊಟ್ಟಿದಾರಲ್ರೀ, ತಪ್ಪಾಯ್ತು ಅಂತ?"

ಕೆಳಗೆ ದೇವರಾಜು ಅವರ ಸಹಿಯಿತ್ತು. 'ನನ್ನ ಅಜಾಗರೂಕತೆಯಿಂದ' ಎಂದು ತಿದ್ದಿ ತಿದ್ದಿ ಬರೆದಿದ್ದರು. ನಾನು ಅವರ ಮುಖ ನೋಡಿದೆ.

"ತಿಂಗ್ಳಿಗೆ ಒಂದೋ ಎರಡೋ ಮೋಟ್ರು ಬದಲಾಯಿಸ್ತಾನೇ ಇರ್ತೀನಿ ಸಾರ್" ಎಂದರು. "ಏಳ್ನೇದ್ನ ಬದಲಾಯಿಸ್ದೆ ಅಂತ್ಲೇ ಗ್ಯಾನ ಇತ್ತು. ಕಾಗ್ದದಲ್ಲಿ ಬೇರೆ ಬಂತು. ಎರಡು ದಿನ ಯೋಚ್ನೆ ಮಾಡ್ದೆ. ಮೂರ್ನೇ ದಿನ ನನ್ ಮ್ಯಾಲೇ ಅನುಮಾನ ಬಂದ್ಬುಡ್ತು."

ಕೆಲಸ ಉಳಿಯಿತು. ಪ್ರಭುಸ್ವಾಮಿಯವರು ಆ ಹಾಳೆಯನ್ನು ಎಲ್ಲರೆದುರೇ ಹರಿದರು. ನಾನು ಹೊರಗೆ ಬಂದಾಗ ದೇವರಾಜು ಸೈಕಲ್ ಹಿಡಿದು ಗೇಟಿನ ಬಳಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮನೆ ಇಲ್ಲೇ ಊರೊಳ್ಗೆ. ಒಂದೈದ್ ನಿಮ್ಸ ಬತ್ತೀರಾ ಸಾರ್? ನಮ್ಮವ್ವಂಗೆ ನೀವೇ ಒಂದ್ ಮಾತು ಹೇಳ್ಬುಡಿ."

ಹೋದೆ. ಅವರ ತಾಯಿ ಕೆಂಚಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ನಿಂತುಕೊಂಡೇ, ನಿಮ್ಮ ಮಗನದು ಏನೂ ತಪ್ಪಿಲ್ಲಮ್ಮ, ಕಂಪ್ಯೂಟರಿಗೆ ತಪ್ಪಾಗಿ ಬರೆದವನು ನಾನು ಎಂದೆ. ಅವರ ಕೈ ನಿಂತಿತು.

"ಅಂಗಾರೆ ಆ ಬಿಸಿ ಮೋಟ್ರು ಇವ್ನು ಬದಲಾಯಿಸಿದ್ದು ದಿಟವೇನಪ್ಪ?"

"ದಿಟ ಕಣಮ್ಮ."

"ಮೊದಲ್ನೇ ದಿನ್ವೇ ಹೇಳ್ದ. ಬದಲಾಯಿಸಿದ್ದೆ ಕಣವ್ವ, ನೀನಾದ್ರೂ ನಂಬು ಅಂದ. ಕಂಪ್ಯೂಟ್ರು ಸುಳ್ಳಾಡ್ತದಾ, ಒಪ್ಕಂಡು ಬರ್ಕೊಟ್ಬುಡು ಅಂತ ನಾನೇ ಕಳ್ಸಿದ್ದು."

ದೇವರಾಜು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದರು. "ಬುಡವ್ವ, ಆಯ್ತಲ್ಲ" ಎಂದರು. ಕೆಂಚಮ್ಮ ಬಿಡಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ನನ್ನನ್ನು ದಾಟಿ ಹೋಗಿ, ನಲವತ್ತೈದು ವರ್ಷದ ಮಗನ ಎರಡೂ ಕೈ ಹಿಡಿದುಕೊಂಡು ನಿಂತರು. ಮಗ ಕೈ ಬಿಡಿಸಿಕೊಳ್ಳಲಿಲ್ಲ.