ರಾಣಿಯ ಮೂರು ಚೀಲ

ಪುಷ್ಯದ ಎಳೆಬಿಸಿಲಲ್ಲೇ ದೇವನೂರಿನ ಕಣದಲ್ಲಿ ವಿಶಾಲಮ್ಮ ಹುರುಳಿ ಬಡಿಯುತ್ತಿದ್ದಳು. ಒಬ್ಬಳದೇ ಕೆಲಸ. ಮಗ್ಗುಲು ಮನೆಯ ಮದನ್ ಅವಳ ಕುದುರೆ ರಾಣಿಯನ್ನು ಹತ್ತಿಕೊಂಡು ದೂರದೋಟದ ಪಂದ್ಯಕ್ಕೆ ಹೋಗಿದ್ದ. ನಂಜನಗೂಡಿನಿಂದ ನರಸೀಪುರದ ಮೇಲೆ ಸೋಮನಾಥಪುರ, ಅಲ್ಲಿಂದ ವಾಪಸ್ಸು. ಕುದುರೆ ಕೊಟ್ಟಿದ್ದಕ್ಕೆ ಮುಯ್ಯಿಯಾಗಿ ನಾಳೆಯಿಂದ ಅವನು ಅವಳ ಕಣದಲ್ಲಿ ಬಡಿಯಬೇಕು, ಹಾಗೆ ಮಾತಾಗಿತ್ತು.

ಕಳಿಸುವಾಗ ನೆನೆಸಿದ ಹುರುಳಿಗೆ ಬೂಸ ಕಲಸಿ ಮೂರು ಚೀಲ ಕಟ್ಟಿಕೊಟ್ಟಿದ್ದಳು. ಹೊರಡುವಾಗ ಒಂದು, ಸೋಮನಾಥಪುರದಲ್ಲಿ ನಿಂತಾಗ ಒಂದು, ಬಂದ ಮೇಲೆ ಒಂದು. ಇನ್ನೊಂದು ಮಾತನ್ನು ಅವಳು ಹೇಳಲಿಲ್ಲ. ಅದು ಬಾಯಿಬಿಟ್ಟು ಹೇಳಬೇಕಾದ ಮಾತೇ ಅಲ್ಲ. ಇನ್ನೊಬ್ಬರ ಎತ್ತು ಹೂಡಿದವನು ಅದಕ್ಕೆ ಮೇವು ಹಾಕದೆ ತಾನು ಊಟಕ್ಕೆ ಕೈ ತೊಳೆಯುವುದಿಲ್ಲ, ಆ ಊರಲ್ಲಿ.

ಹೊತ್ತು ನೆತ್ತಿಗೆ ಬರುವ ಮುಂಚೆ ಮದನನ ಅಪ್ಪ ಗುರುಮಲ್ಲಪ್ಪ ಕಣದ ಪಕ್ಕ ಬೈಕು ನಿಲ್ಲಿಸಿದ.

"ಬೈಕ್ ಅತ್ತು ವಿಶಾಲಮ್ಮ. ರಾಣಿ ನಿಂತ್ಬುಟ್ಟವಳಂತೆ."

ಸೋಮನಾಥಪುರದ ಬೇವಿನ ಮರದಡಿ ರಾಣಿ ಬಕೆಟ್ಟಿನ ನೀರಿಗೂ ಬಾಯಿಡದೆ ತನ್ನ ಹೊಟ್ಟೆಯನ್ನೇ ತಿರುತಿರುಗಿ ನೋಡುತ್ತಿತ್ತು. ಮೈಯೆಲ್ಲ ಬೆವರು. ಶಾಮಿಯಾನದ ನೆರಳಲ್ಲಿ ಮದನ್ ಪುಳಿಯೋಗರೆ ತಿನ್ನುತ್ತಿದ್ದ.

"ಚೀಲ ಎಲ್ಲೋ?"

"ಬೆಳಿಗ್ಗೇನೇ ಮೂರೂ ಆಕ್ಬುಟ್ಟೆ ಚಿಕ್ಕವ್ವ. ಟ್ಯಾಂಕ್ ಫುಲ್ ಮಾಡ್ಬುಟ್ರೆ ಇಲ್ಲಿ ಟೈಮ್ ಉಳೀತದೆ ಅಂತ..."

"ಅವಳೇನು ನಿನ್ ಮೋಟ್ರುಬೈಕೇನ್ಲಾ? ಮೂರು ಒತ್ತಿನ ಮುದ್ದೆ ಒಂದೇ ಸಲ ನಿನ್ ಗಂಟ್ಲಿಗೆ ತುರುಕಿ ಚಾಮುಂಡಿಬೆಟ್ಟ ಅತ್ತುಸ್ಲಾ?"

"ಒಟ್ಟೆ ಕಟ್ಕೊಂಡದಂತೆ, ಡಾಕ್ಟ್ರು ನೋಡಿ ಸೂಜಿ ಆಕವ್ರೆ. ಲದ್ದಿ ಆಕೋಗಂಟ ನಿಧಾನಕ್ಕೆ ನಡೆಸ್ತಿರ್ಬೇಕಂತೆ."

"ಮತ್ತೆ ನೀನ್ಯಾಕೆ ಕುಂತಿದ್ದೀಯ?"

"ಒಟ್ಟೆ ಅಸೀತಿತ್ತು ಚಿಕ್ಕವ್ವ."

ವಿಶಾಲಮ್ಮ ಅವನ ಕೈಯಿಂದ ತಟ್ಟೆ ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಹುರುಳಿ ಒಂದೇ ಸಲ ಸುರಿದದ್ದು ತಿಳಿಗೇಡಿತನ, ಅದನ್ನು ನುಂಗಿಕೊಳ್ಳಬಹುದಿತ್ತು. ನರಳುವ ಜೀವವನ್ನು ಕಣ್ಣೆದುರಿಗೆ ಕಟ್ಟಿಹಾಕಿ ಇವನು ಉಣ್ಣುತ್ತಾ ಕೂತಿದ್ದನಲ್ಲ, ಅದಕ್ಕೆ ಅವಳ ಮೈ ಉರಿಯಿತು.

"ಉಡುಗ್ ಬುದ್ಧಿ, ಬುಡು ತಾಯಿ," ಗುರುಮಲ್ಲಪ್ಪ ನಡುವೆ ಬಂದ. "ನಾಳೆ ಇವನ ಜೊತೆಗೆ ಇನ್ನಿಬ್ಬರು ಆಳು ಕಳಿಸ್ತೀನಿ. ಮುಯ್ಯಿ ತೀರೋಗ್ಲಿ."

"ನನ್ ಉರುಳಿ ನಾನೇ ಬಡ್ಕೊತೀನಿ ಭಾವ. ಮುಯ್ಯಿ ಇರೋದು ನಂಗಲ್ಲ, ರಾಣಿಗೆ. ಲದ್ದಿ ಬೀಳೋಗಂಟ ನಿಮ್ ಮಗ ಅಗ್ಗ ಇಡ್ದು ನಡೀಲಿ. ಅಲ್ಲೀಗಂಟ ಒಂದು ಅಗುಳೂ ಬಾಯಿಗಿಡಂಗಿಲ್ಲ."

ಶಾಮಿಯಾನದಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಮದನ್ ಹಗ್ಗ ಹಿಡಿದ.

ನಾಲೆ ಏರಿಯ ಮೇಲೆ ಹೋದರು, ಬಂದರು. ಉಳಿದ ಕುದುರೆಗಳು ಒಂದೊಂದಾಗಿ ನಂಜನಗೂಡಿನ ಕಡೆ ಓಡಿದವು. ಹೊಸ ಬೂಟು ಕಚ್ಚಿ ಮದನನ ಹಿಮ್ಮಡಿ ಸುಲಿದು ಅವನು ಕುಂಟತೊಡಗಿದ. ವಿಶಾಲಮ್ಮ ಹಿಂದಿನಿಂದಲೇ ನಡೆದಳು. ಬಿಸಿಲು ಇಳಿದು ತೆಂಗಿನ ನೆರಳು ನಾಲೆ ದಾಟಿದಾಗ ರಾಣಿ ಬಾಲ ಎತ್ತಿತು. ಲದ್ದಿ ಬಿತ್ತು.

ಅವಳು ಬದುವಿನಿಂದ ಹಿಡಿ ಹುಲ್ಲು ಕಿತ್ತು ಬಾಯ ಹತ್ತಿರ ಹಿಡಿದಳು. ರಾಣಿ ಮೂಸಿ, ಮೆಲ್ಲಗೆ ಎಳೆದುಕೊಂಡಿತು.

"ಮುಯ್ಯಿ ತೀರ್ತಾ ಚಿಕ್ಕವ್ವ?"

"ತೀರ್ತು." ಅವಳು ಅವನ ಕೈಯಿಂದ ಹಗ್ಗ ತಗೊಂಡಳು. "ಓಗಿ ಉಣ್ಣು. ಇನ್ನು ನಮ್ ಕೊಟ್ಟಿಗೆ ತಾವ ಕಾಲಿಡ್ಬ್ಯಾಡ."