ವೈಜಾಪುರದ ಗೆಳತಿ

ಮೊದಲು ಕಾಣೆಯಾದದ್ದು ನನ್ನ ಪೌಡರ್ ಡಬ್ಬಿ. ಕನ್ನಡಿಯ ಮುಂದೆ ಬಾಚಣಿಗೆ ಇತ್ತು, ಕುಂಕುಮದ ಭರಣಿ ಇತ್ತು, ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಬಿಳಿಯ ಗುರುತೊಂದೇ ಉಳಿದಿತ್ತು. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ನಾನು ತೆಗೆದಿಲ್ಲ. ಹಾಗಾದರೆ ಉಗುರಿನ ಸಂದಿಯಲ್ಲೂ ಗ್ರೀಸು ತುಂಬಿಕೊಂಡಿರುವ ಗಂಡಸಿಗೆ ಪೌಡರ್ ಯಾಕೆ ಬೇಕಾಯಿತು?

ನಮ್ಮವರು ಲಾರಿ ಮಿಸ್ತ್ರಿ. ನಾಸಿಕ್ ರೋಡಿನ ಗ್ಯಾರೇಜುಗಳಲ್ಲಿ ಪರಮೇಶ್ವರ ಮಿಸ್ತ್ರಿ ಎಂದರೆ ಗೊತ್ತಿಲ್ಲದವರಿಲ್ಲ. ನಾನು ಅವರ ಹೆಸರು ಹಿಡಿಯುವುದಿಲ್ಲ, ಇಲ್ಲಿ ಬರೆದದ್ದೇ ಹೆಚ್ಚು. ಮದುವೆಯಾಗಿ ಗಜೇಂದ್ರಗಡದಿಂದ ಇಲ್ಲಿಗೆ ಬಂದ ಹೊಸದರಲ್ಲಿ, ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವ ಮನುಷ್ಯ ಎಂದು ಜನ ಹೊಗಳಿದಾಗ ನನಗೂ ಹೆಮ್ಮೆಯಾಗಿತ್ತು. ಹೆಂಡತಿಯ ಸದ್ದು ಮಾತ್ರ ಆ ಕಿವಿಗೆ ಬೀಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಮುನಿಸಿಕೊಂಡರೆ ಒಂದು ಪೊಟ್ಟಣ ಚಿವಡಾ ತಂದು ಮುಂದಿಡುತ್ತಾರೆ. ಯಾಕೆ ಮುನಿಸು ಎಂದು ಕೇಳುವುದಿಲ್ಲ. ಎಷ್ಟೋ ಪೊಟ್ಟಣ ಚಿವಡಾ ತಿಂದಿದ್ದೇನೆ.

ಆ ವರ್ಷ ಚಳಿ ಜೋರಾಗಿತ್ತು. ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಕಲ್ಲಾಗಿತ್ತು. ನಿಫಾಡದ ಕಡೆ ದ್ರಾಕ್ಷಿ ಬಳ್ಳಿಗಳಿಗೆ ಬೆಚ್ಚಗಾಗಲೆಂದು ತೋಟಗಳಲ್ಲಿ ಬೆಂಕಿ ಹಾಕುತ್ತಿದ್ದರಂತೆ. ಬಳ್ಳಿಯ ಮೇಲೆ ಅಷ್ಟು ಕರುಣೆ ಇರುವ ಜನರ ನಡುವೆ ಇದ್ದುಕೊಂಡು ನಮ್ಮವರು ನನ್ನನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಮತ್ತೆ ಮತ್ತೆ ವೈಜಾಪುರಕ್ಕೆ ಹೋಗತೊಡಗಿದರು. ಅಲ್ಲಿಯೇ ರಾತ್ರಿ ಉಳಿಯುತ್ತಿದ್ದರು. ಯಾಕೆಂದರೆ, ಚಾಂದವಡದ ಸುಧಾಕರ ಶೇಠರ ಗಾಡಿ ಕೆಲಸ. ಇಷ್ಟೇ ಉತ್ತರ. ಶೇಠರ ಉಳ್ಳಾಗಡ್ಡಿ ಲಾರಿ ಔರಂಗಾಬಾದಿಗೆ ಹೋಗುವಾಗ ರಾತ್ರಿ ವೈಜಾಪುರದಲ್ಲಿ ನಿಲ್ಲುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಅದೇ ಲಾರಿ ನಾಸಿಕ್‌ಗೂ ಬರುತ್ತದಲ್ಲ? ಕೆಲಸವನ್ನು ಇಲ್ಲಿಯೇ ಮಾಡಿದರೆ ಏನು ಕಳೆದುಕೊಳ್ಳುತ್ತಾರೆ?

ಒಗೆಯಲು ಹಾಕಿದ ಅವರ ಅಂಗಿಯನ್ನು ಮೂಸಿ ನೋಡಿದೆ. ಡೀಸೆಲ್ಲಿನ ವಾಸನೆ ಇತ್ತು, ಅದು ಯಾವಾಗಲೂ ಇರುವಂಥದ್ದು. ಅದರ ಮೇಲೆ ತೆಳ್ಳಗೆ ನನ್ನ ಪೌಡರಿನ ಘಮ. ಕಾಲರಿನ ಮೇಲೆ, ತೋಳಿನ ಮೇಲೆ, ಎದೆಯ ಮೇಲೆ. ನಾನು ಅಂಗಿಯನ್ನು ಬಂಡೆಯ ಮೇಲೆ ಒಗೆದ ಒಗೆತಕ್ಕೆ ಎರಡು ಗುಂಡಿ ಹಾರಿ ಹೋದವು.

ಆಮೇಲೆ ನನ್ನ ಹಳೆಯ ನೂಲಿನ ಸೀರೆ ಹೋಯಿತು. ಒಗೆದು ಒಗೆದು ಹತ್ತಿಯಂತೆ ಮೆತ್ತಗಾಗಿದ್ದ ಸೀರೆ, ಅವ್ವ ಉಟ್ಟು ನನಗೆ ಕೊಟ್ಟದ್ದು. ಕೇಳಿದರೆ, ಬೇಕಾಗಿತ್ತು ಒಯ್ದೆ ಎಂದು ಊಟದ ತಾಟಿನಿಂದ ತಲೆ ಎತ್ತದೆ ಹೇಳಿದರು. ಯಾರಿಗೆ ಬೇಕಾಗಿತ್ತು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ನನ್ನ ಪೌಡರ್ ಬಳಿದುಕೊಂಡು, ನನ್ನ ಅವ್ವನ ಸೀರೆ ಉಟ್ಟುಕೊಂಡು ವೈಜಾಪುರದಲ್ಲಿ ಒಬ್ಬಳು ಕುಳಿತಿದ್ದಾಳೆ ಎಂದು ಹಗಲೂ ರಾತ್ರಿ ನೆನೆಯತೊಡಗಿದೆ. ಅವಳು ನನಗಿಂತ ಬೆಳ್ಳಗಿದ್ದಾಳೆಯೇ? ಬೆಳ್ಳಗಿದ್ದರೆ ಪೌಡರ್ ಯಾಕೆ? ಈ ಒಂದು ಲೆಕ್ಕ ಮಾತ್ರ ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಉಳಿದಿದ್ದ ಅಷ್ಟಿಷ್ಟು ಸಮಾಧಾನವೂ ಹೋದದ್ದು ಅವರ ಫೋನಿನ ಮಾತಿನಿಂದ. ಶೇಠರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ನನ್ನದು ಕಾಯಿಪಲ್ಯೆ ಕೊಳ್ಳುವಷ್ಟು ಮರಾಠಿ. ಆದರೂ ಹೆಣ್ಣು ಬಂದರೆ ಆಲೀ, ಹೋದರೆ ಗೇಲೀ ಎನ್ನುತ್ತಾರೆಂದು ಅಷ್ಟರಲ್ಲಿ ಕಲಿತಿದ್ದೆ.

“ಗಳತೀ ವೈಜಾಪೂರಲಾಚ್ ಸಾಪಡೇಲ, ಶೇಠ್,” ಎಂದರು ನಮ್ಮವರು. “ಥಂಡೀತಚ್ ದಿಸತೇ. ನಾಶಿಕಲಾ ಆಲೀ ಕೀ ದಿಸತ್ ನಾಹೀ.”

ಗೆಳತಿ. ವೈಜಾಪುರ. ಥಂಡಿ. ನಾಸಿಕ್‌ಗೆ ಬಂದಳೆಂದರೆ ಕಾಣಿಸುವುದಿಲ್ಲ. ಇನ್ನೇನು ಬಾಕಿ ಇದೆ ತಿಳಿದುಕೊಳ್ಳುವುದು? ಅದೂ ಶೇಠರ ಮುಂದೆ, ನಾಚಿಕೆಯಿಲ್ಲದೆ, ನಗುನಗುತ್ತ.

ಪಕ್ಕದ ಮನೆಯ ತುಳಸಿಯ ಬಳಿ ಹೋಗಿ ಕುಳಿತೆ. ಅವಳ ಗಂಡ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾನೆ. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಮಾತು ಕನ್ನಡವಾದರೂ ಮನುಷ್ಯರು, ದನ, ಬಕೆಟ್ಟು ಎಲ್ಲಕ್ಕೂ ‘ಐತಿ’ ಎಂದೇ ಹೇಳುತ್ತಾಳೆ. ಸುತ್ತಿ ಬಳಸಿ ಕೇಳಿದೆ, ಗೆಳತಿ ಇರುವುದು ಈ ಊರಿನಲ್ಲಿ ಮಾಮೂಲೇ ಎಂದು.

“ಗಳತಿ? ಎಲ್ಲಾರ ಮನ್ಯಾಗೂ ಐತಿ ಬಿಡ್ರಿ ಮಂಗಲಕ್ಕ,” ಎಂದಳು ತುಳಸಿ, ಅಕ್ಕಿ ಆರಿಸುತ್ತಲೇ. “ನಮ್ಮ ಮನ್ಯಾಗೂ ಒಂದ ಐತಿ. ಮಳಿಗಾಲ ಬಂದ್ರ ಶುರುವಾಗತೈತಿ. ನಮ್ಮವರು ನೋಡತೀನಿ ನೋಡತೀನಿ ಅಂತಾರ, ಏನೂ ಮಾಡೂದಿಲ್ಲ. ನಾ ಒಂದ ಬಕೆಟ್ ಇಟ್ಟು ಸುಮ್ಮನಾಗತೀನಿ.”

ಬಕೆಟ್ಟು ಯಾಕೆ ಎಂದು ಆಗ ಹೊಳೆಯಲಿಲ್ಲ. ಇವಳಂತೆ ಅಕ್ಕಿ ಆರಿಸುತ್ತ ಕುಳಿತುಕೊಳ್ಳುವವಳು ನಾನಲ್ಲ ಎಂಬುದಷ್ಟೇ ಹೊಳೆಯಿತು.

ಮತ್ತೊಮ್ಮೆ ನಮ್ಮವರು ವೈಜಾಪುರದಲ್ಲಿ ಉಳಿದಾಗ ಎರಡು ಸೀರೆ, ಒಂದು ಶಾಲು ಚೀಲಕ್ಕೆ ತುಂಬಿಕೊಂಡು ಔರಂಗಾಬಾದಿನ ಮೊದಲ ಬಸ್ಸು ಹತ್ತಿದೆ. ಕಣ್ಣಾರೆ ನೋಡುವುದು, ಅವಳ ಮೈಮೇಲಿನ ಸೀರೆಯನ್ನು ಗುರುತಿಸುವುದು, ನಮ್ಮವರಿಗೆ ಹೇಳಬೇಕಾದ್ದನ್ನು ಹೇಳುವುದು, ಆಮೇಲೆ ಸೀದಾ ತವರಿಗೆ. ತಿರುಗಿ ಬರುವ ವಿಚಾರ ನನಗಿರಲಿಲ್ಲ. ಯೇವಲೆ ದಾಟುವವರೆಗೂ ಕಿಟಕಿಯಾಚೆ ಬರೀ ಮಂಜು. ಅವಳಿಗೆ ಏನು ಬೈಯಬೇಕು ಎಂದು ಜೋಡಿಸುತ್ತ ಕುಳಿತೆ. ಮರಾಠಿಯಲ್ಲಿ ಬೈಗುಳ ಬಾರದೆ ಕನ್ನಡದಲ್ಲೇ ಬೈಯುವುದೆಂದು ತೀರ್ಮಾನ ಮಾಡಿದೆ.

ವೈಜಾಪುರದಲ್ಲಿ ಇಳಿದು, ಚಹಾದಂಗಡಿಯವನನ್ನು ಕರ್ನಾಟಕದ ಮಿಸ್ತ್ರಿ ಎಲ್ಲಿ ಎಂದು ಕೇಳಿದೆ. ಮಾರ್ಕೆಟ್ಟಿನ ಹಿಂದಿನ ಬಯಲು ತೋರಿಸಿದ. ಬಿಸಿಲು ಇನ್ನೂ ಏರಿರಲಿಲ್ಲ. ಮೂಟೆ ಹೊತ್ತ ಶೇಠರ ಲಾರಿ ಇಬ್ಬನಿಯಲ್ಲಿ ನೆನೆದು ನಿಂತಿತ್ತು. ಕ್ಯಾಬಿನ್ನಿನಲ್ಲಿ ಇಂಜಿನ್ನಿನ ಮುಚ್ಚಳ ತೆಗೆದು, ನಮ್ಮವರು ಟಾರ್ಚು ಹಿಡಿದು ಅದರ ಮೇಲೆ ಬಗ್ಗಿದ್ದರು. ಇಂಜಿನ್ ಆಗಷ್ಟೇ ಶುರುವಾಗಿ ಗುಡುಗುಡು ಎನ್ನುತ್ತಿತ್ತು. ಬೇರೆ ಯಾರೂ ಇರಲಿಲ್ಲ.

“ಎಲ್ಲಿ ಅದಾಳ್ರಿ ಅಕಿ?” ಎಂದೆ.

“ಯಾರು?” ಎಂದರು, ನಾನು ಅಲ್ಲಿಗೆ ಹೇಗೆ ಬಂದೆ ಎಂದು ಕೂಡ ಕೇಳದೆ.

“ನಿಮ್ಮ ಗೆಳತಿ.”

“ಇಲ್ಲೇ ಐತೆಲ್ಲ ಗಳತಿ. ಈಗಷ್ಟ ಶುರುವಾತು. ಸನಿಹ ಬಾ, ತೋರಸ್ತೀನಿ.”

ಹತ್ತಿ ನೋಡಿದೆ. ಕಪ್ಪಗೆ ಇರಬೇಕಾದ ಇಂಜಿನ್ ಮದುಮಗಳ ಮುಖದಂತೆ ಬೆಳ್ಳಗಿತ್ತು. ನನ್ನ ಡಬ್ಬಿ ಪಕ್ಕದಲ್ಲೇ ಬಾಯಿ ತೆರೆದು ಹೆಚ್ಚುಕಡಿಮೆ ಖಾಲಿಯಾಗಿ ಬಿದ್ದಿತ್ತು. ಅವ್ವನ ಸೀರೆ ಒರೆಸುವ ತುಂಡುಗಳಾಗಿ, ಎಣ್ಣೆ ಕುಡಿದು ಕಾಲ ಬಳಿ ಬಿದ್ದಿತ್ತು. ಆ ಬಿಳುಪಿನ ಮೇಲೆ ಕಣ್ಣೀರಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಇಳಿಯುತ್ತಿತ್ತು. ಅದನ್ನು ತೋರಿಸಿ ಅವರು ಸೋರಿಕೆ ಎಂದರು. ಸೋರಿಕೆಗೆ ಮರಾಠಿಯಲ್ಲಿ ಗಳತಿ, ನಾಸಿಕ್‌ಗೆ ಆಲೀ ಎಂದದ್ದು ಗಾಡಿಗೆ. ತುಳಸಿಯ ಬಕೆಟ್ಟು ಯಾಕೆಂದು ಆಗ ತಿಳಿಯಿತು.

ಅವರು ಮಾತಾಡುತ್ತಲೇ ಇದ್ದರು. ಮನೆಯಲ್ಲಿ ವಾರಕ್ಕೆ ಆಡುವಷ್ಟು ಮಾತನ್ನು ಅಲ್ಲಿ ಒಂದೇ ಉಸಿರಿಗೆ ಆಡಿದರು. ಲಾರಿ ರಾತ್ರಿಯೆಲ್ಲ ಥಂಡಿಯಲ್ಲಿ ನಿಂತರೆ ಮಾತ್ರ ಬೆಳಿಗ್ಗೆ ಸೋರುತ್ತದಂತೆ; ಓಡಿ ಬಿಸಿಯಾಗಿ ನಾಸಿಕ್ ಮುಟ್ಟುವಷ್ಟರಲ್ಲಿ ನಿಂತುಹೋಗುತ್ತದಂತೆ. ಎಣ್ಣೆ ಬಿದ್ದ ಜಾಗ ನೋಡಿದರೆ ಮೋಸ ಹೋಗುತ್ತೇವೆ, ಅದು ಎಲ್ಲಿಂದಲೋ ಹೊರಟು ಎಲ್ಲಿಗೋ ಹರಿದಿರುತ್ತದೆ. ಒರೆಸಿ, ಪೌಡರ್ ಬಳಿದು, ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಮೊದಲು ಒದ್ದೆಯಾಗುವುದೇ ಮೂಲ. ಹಾಗೆ ನೋಡಿ ನೋಡಿ ಒಂದು ಕಡೆ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದರೆ ಮತ್ತೊಂದು ಕಡೆ ಸೋರಿತು, ಅದನ್ನು ಬದಲಿಸಿದರೆ ಈಗ ಮತ್ತೆ ಮೊದಲಿನ ಕಡೆಯೇ, ಹಾಕಿದ ಪ್ಯಾಕಿಂಗ್ ಹೊಚ್ಚ ಹೊಸದಿದ್ದರೂ. ಹೇಳುತ್ತ ಹೇಳುತ್ತ ಆ ಕಪ್ಪು ಗೆರೆಯನ್ನು ಬೆರಳ ತುದಿಯಿಂದ ಒರೆಸಿದರು. ಎಷ್ಟು ಮೆತ್ತಗೆ ಒರೆಸಿದರು!

ಬೇರೆ ಹೆಂಗಸು ಇಲ್ಲವೆಂದು ನನಗೆ ಸಂತೋಷವಾಗಬೇಕಿತ್ತು. ಒಂದು ಉಸಿರಿನಷ್ಟು ಹೊತ್ತು ಆಯಿತು ಕೂಡ. ಆಮೇಲೆ ಮೊದಲಿಗಿಂತ ಹೆಚ್ಚು ಉರಿಯಿತು. ಹೆಂಗಸಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ನನ್ನ ಮುಖವನ್ನು ಅವರು ಮದುವೆಯ ದಿನ ಕೂಡ ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ಆ ಮುಖದಲ್ಲೂ ಅವತ್ತು ಪೌಡರ್ ಇತ್ತು.

ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಮರೆತುಹೋಗಿ ಬೇರೆಯೇ ಮಾತು ಬಂತು. “ಸೀಟಿ ಕಟ್ಟಿಕೊಂಡ ಕುಕ್ಕರಿಗೆ ಎಷ್ಟ ಸಲ ರಬ್ಬರ್ ಬದಲಿ ಮಾಡ್ತೀರಿ?” ಎಂದೆ. “ನಾ ಮುನಿಸಿಕೊಂಡಾಗೊಮ್ಮೆ ಚಿವಡಾ ತಂದ ಕೊಡತೀರಿ. ನನ್ನ ಒಳಗ ಏನ ಕುದಿಯಾಕ್ಹತ್ತೇತಿ ಅಂತ ಒಂದ ದಿನರ ಕೇಳೀರೇನು? ಉಗಿಗೆ ಹೋಗಾಕ ದಾರಿ ಇಲ್ಲಂದ್ರ ಅದು ಬದಿಯಿಂದ ಉಗುಳತೈತ್ರಿ. ಹೊಸಾ ರಬ್ಬರ್ ಏನ ಮಾಡೀತು?”

ನಮ್ಮವರು ಟಾರ್ಚು ಕೆಳಗಿಟ್ಟರು. ತಲೆ ಎತ್ತಿ ನನ್ನನ್ನೇ ನೋಡಿದರು. ಕಣ್ಣು ಅರಳಿದವು. ಕೊನೆಗೂ ತಿಳಿಯಿತು ಇವರಿಗೆ, ತವರಿಗೆ ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆ.

“ಬ್ರೀದರ್,” ಎಂದರು ನಮ್ಮವರು.

ಇಂಜಿನ್ ಬಂದ್ ಮಾಡಿ, ಪಾನಾ ಹಿಡಿದು, ಪಕ್ಕದಿಂದ ಒಂದು ಕೊಳವೆ ಬಿಚ್ಚಿದರು. ಬ್ರೀದರ್ ಎಂದರೆ ಒಳಗಿನ ಉಗಿ ಹೊರಗೆ ಹೋಗುವ ದಾರಿಯಂತೆ. ಥಂಡಿಗೆ ಅದರೊಳಗೆ ನೀರೂ ಎಣ್ಣೆಯೂ ಕೂಡಿ ಹಳೆಯ ಕೆನೆಯಂತೆ ಗಟ್ಟಿಯಾಗಿ, ಬಿರಡೆ ಹಾಕಿದಂತೆ ಕಟ್ಟಿಕೊಂಡಿತ್ತು. ಬಿಸಿಯಾದ ಮೇಲೆ ಅದು ಕರಗಿ ದಾರಿ ಬಿಡುತ್ತಿತ್ತಂತೆ. ತಂತಿಯಿಂದ ಅದನ್ನೆಲ್ಲ ಕಿತ್ತು ತೆಗೆದು, ಕೊಳವೆ ಕೂಡಿಸಿ, ಗೆರೆ ಒರೆಸಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಪೌಡರನ್ನು ತಟ್ಟಿ ತಟ್ಟಿ ಅಲ್ಲಿಗೆ ಹಾಕಿ ಮತ್ತೆ ಇಂಜಿನ್ ಶುರು ಮಾಡಿದರು. ಇಬ್ಬರೂ ಬಗ್ಗಿ ನೋಡುತ್ತ ಕುಳಿತೆವು. ಬಿಳುಪು ಬಿಳುಪಾಗಿಯೇ ಉಳಿಯಿತು. “ಗಳತೀ ಗೇಲೀ,” ಎಂದು ಶೇಠರಿಗೆ ಫೋನು ಮಾಡಿದರು. ಹೇಳಿಕೊಟ್ಟದ್ದು ನನ್ನ ಹೆಂಡತಿ ಎಂದೂ ಹೇಳಿದರು. ನಾನು ಹೇಳಿದ್ದು ಲಾರಿಯ ವಿಷಯ ಅಲ್ಲವೇ ಅಲ್ಲ ಎಂಬುದು ಅವರ ತಲೆಗೆ ಹೋಗಿರಲಿಲ್ಲ.

ಅದೇ ಲಾರಿಯಲ್ಲಿ ನನ್ನನ್ನು ಕೂರಿಸಿಕೊಂಡು, ತಾವೇ ಓಡಿಸುತ್ತ ಔರಂಗಾಬಾದಿಗೆ ಹೋದರು. ಚೀಲ ಯಾಕೆ ತಂದೆ ಎಂದು ದಾರಿಯಲ್ಲಿ ಕೇಳಿದರು. ತವರಿಗೆ ಹೊರಟಿದ್ದೆ ಎಂದೆ. ಯಾವಾಗ ಬರುತ್ತೀ ಎಂದರು. ಅವರ ಎಡಗೈ ಇಂಜಿನ್ನಿನ ಮುಚ್ಚಳದ ಮೇಲಿತ್ತು, ನಡುಗುತ್ತಿದೆಯೋ ಇಲ್ಲವೋ ನೋಡುವವರಂತೆ. ಮೂಟೆ ಇಳಿಸುವಷ್ಟರಲ್ಲಿ ಗುಲ್ಮಂಡಿ ಪೇಟೆಗೆ ಹೋಗಿ ಬಂದು ಹೊಸ ಪೌಡರ್ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದರು. ಚಿವಡಾ ಅಲ್ಲ, ಪೌಡರ್. ನಾನು ಕರಗಿಬಿಟ್ಟೆ. ಹೊಸ ಗೆಳತಿಯಂತೆ ಅದನ್ನು ಮಡಿಲಲ್ಲಿಟ್ಟುಕೊಂಡು ಅವರೊಂದಿಗೆ ನಾಸಿಕ್‌ಗೇ ವಾಪಸಾದೆ.

ಮನೆಯಲ್ಲಿ ಅವರ ಪಾನಾದ ಚೀಲ ಎತ್ತಿಡಲು ಹೋದಾಗ ಒಳಗೆ ಏನೋ ದುಂಡಗೆ ಕೈಗೆ ತಾಕಿತು. ತೆಗೆದು ನೋಡಿದೆ. ಅದೇ ಗುರುತಿನ, ಅದೇ ಘಮದ ಇನ್ನೊಂದು ಡಬ್ಬಿ. ನನಗೊಂದು, ಗಳತಿಗೊಂದು. ಇಬ್ಬರು ಹೆಂಡಿರಿದ್ದವರು ಹೀಗೇ ಸಮಸಮ ತರುತ್ತಾರಂತೆ, ಆದರೆ ಇದು ಸಮವೂ ಆಗಿರಲಿಲ್ಲ. ಪಕ್ಕದಲ್ಲಿಟ್ಟು ನೋಡಿದರೆ ಅವಳದು ದೊಡ್ಡದು.

ಸಣ್ಣದನ್ನು ಚೀಲದೊಳಗೆ ಹಾಕಿದೆ. ದೊಡ್ಡದನ್ನು ಕನ್ನಡಿಯ ಮುಂದೆ, ಹಳೆಯ ಗುರುತಿನ ಮೇಲೆ ಇಟ್ಟೆ.

ಬೆಳಿಗ್ಗೆ ಕೆಲಸಕ್ಕೆ ಹೊರಟ ನಮ್ಮವರು ಚೀಲ ತೆರೆದು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತರು. ಕನ್ನಡಿಯ ಕಡೆ ನೋಡಿದರು. ಚೀಲವನ್ನು ಕೆಳಗಿಟ್ಟು ನನ್ನ ಹತ್ತಿರ ಬಂದರು. ಹಣೆಯಿಂದ ಶುರು ಮಾಡಿ ನಿಧಾನವಾಗಿ ಕೆಳಕ್ಕೆ, ಕಣ್ಣು, ಮೂಗು, ಬಾಯಿ, ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವವರಂತೆ ನನ್ನ ಮುಖ ನೋಡಿದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ನಾನು ಕದಲಲಿಲ್ಲ.